ಲ್ಯಾಪ್‌ಟಾಪ್ ಹೋಯ್ತು ಅನ್ನುವ ಮೊದಲು



ಇವತ್ತು ನಾನು ಮಾತಾಡಲು ಹೊರಟಿರುವುದು ನಮ್ಮೆಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಬರುವ ತೊಂದರೆಯ ಬಗ್ಗೆ. ಬೆಳಗ್ಗೆ ಎದ್ದು ಲ್ಯಾಪ್‌ಟಾಪಿನ ಬಟನ್ ಒತ್ತುತ್ತೀರಿ. ದೀಪ ಬರುವುದಿಲ್ಲ, ಫ್ಯಾನಿನ ಸದ್ದಿಲ್ಲ, ಪರದೆ ಕಪ್ಪಗೇ ಇದೆ. ಚಾರ್ಜರ್ ಹಾಕಿದರೂ ಅಷ್ಟೇ. ಇನ್ನೊಮ್ಮೆ ಒತ್ತುತ್ತೀರಿ, ಹತ್ತು ಸಲ ಒತ್ತುತ್ತೀರಿ. ಆಮೇಲೆ ಬಾಯಿಗೆ ಬರುವ ಮಾತು ಒಂದೇ: "ಹೋಯ್ತು."

ಆ ಮಾತನ್ನು ಒಂದು ಅರ್ಧ ಗಂಟೆ ತಡೆದುಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇವತ್ತು ನಿಮ್ಮ ಮುಂದೆ ಬಂದಿರುವುದು. ಯಾಕೆಂದರೆ ಅದನ್ನು ಅವಸರದಲ್ಲಿ ಆಡಿ ನಮ್ಮ ತಂದೆಗೆ ನಷ್ಟ ಮಾಡಿದವನು ನಾನು.

ನಾನಿರುವುದು ಇಂಗ್ಲೆಂಡಿನಲ್ಲಿ, ತಂದೆ ಇರುವುದು ಹಾಸನದಲ್ಲಿ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ನಾನು ಬಳಸುತ್ತಿದ್ದ ಲ್ಯಾಪ್‌ಟಾಪನ್ನು ಒಮ್ಮೆ ರಜೆಗೆ ಹೋದಾಗ ಅವರಿಗೆ ಕೊಟ್ಟು ಬಂದಿದ್ದೆ. ಅದರಲ್ಲಿ ಅವರು ನುಡಿ ತಂತ್ರಾಂಶ ಹಾಕಿಸಿಕೊಂಡು, ತಾವು ಪಾಠ ಮಾಡಿದ ಊರುಗಳ ನೆನಪುಗಳನ್ನು ದಿನಕ್ಕೆ ಅರ್ಧ ಪುಟ, ಒಂದು ಪುಟ ಟೈಪ್ ಮಾಡುತ್ತಿದ್ದರು. ಒಂದು ಶನಿವಾರ ಫೋನ್ ಬಂತು. "ಯಾಕೋ ಲ್ಯಾಪ್‌ಟಾಪ್ ಆನೇ ಆಗ್ತಿಲ್ಲ ಕಣೋ. ನಿನ್ನೆ ರಾತ್ರಿ ಕರೆಂಟು ಹೋಗಿ ಬಂದು ಮಾಡ್ತಿತ್ತು." ನಾನು ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ತುಂಬಿಸಿಕೊಳ್ಳುತ್ತಿದ್ದೆ. "ಹಳೇದಾಯ್ತಲ್ಲ ಅಪ್ಪ, ಮದರ್‌ಬೋರ್ಡ್ ಹೋಗಿರುತ್ತೆ. ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಳ್ಳಿ, ದುಡ್ಡು ನಾನು ಹಾಕ್ತೀನಿ" ಅಂದೆ. ಅವರು ಹಾಗೇ ಮಾಡಿದರು.

ಹೊಸದೂ ಅದೇ ಕಂಪನಿಯದು. ಹಳೆಯ ಚಾರ್ಜರ್ ಮನೆಯಲ್ಲೇ ಉಳಿದಿತ್ತು. ಎರಡು ವಾರ ಕಳೆದ ಮೇಲೆ ಅದನ್ನು ರೂಮಿನಲ್ಲಿಟ್ಟುಕೊಳ್ಳೋಣ ಎಂದು ಹೊಸ ಲ್ಯಾಪ್‌ಟಾಪಿಗೆ ಚುಚ್ಚಿದ್ದಾರೆ. ಪಿನ್ನು ಸರಿಯಾಗಿ ಕೂತಿತು, ಚಾರ್ಜ್ ಮಾತ್ರ ಆಗಲಿಲ್ಲ. ಹೊಸ ಚಾರ್ಜರ್ ಹಾಕಿದರೆ ಆಗುತ್ತಿತ್ತು. ಅಂದರೆ ಆ ರಾತ್ರಿ ಕೆಟ್ಟದ್ದು ಬಹುಮಟ್ಟಿಗೆ ಲ್ಯಾಪ್‌ಟಾಪ್ ಅಲ್ಲ, ಚಾರ್ಜರ್. ಅಷ್ಟರಲ್ಲಿ ಹಳೆಯ ಯಂತ್ರ ಅಂಗಡಿಯಿಂದ ಎಲ್ಲಿಗೋ ಹೋಗಿಯಾಗಿತ್ತು. ಅದರೊಳಗಿನ ಬರಹಕ್ಕೆ ಬೇರೆ ಪ್ರತಿ ಇರಲಿಲ್ಲ. "ಹೋಗ್ಲಿ ಬಿಡೋ, ಮತ್ತೆ ಬರೆದರಾಯ್ತು" ಅಂದರು. ಮತ್ತೆ ಬರೆಯಲಿಲ್ಲ.

ಅವತ್ತು ನಾನು ಫೋನಿನಲ್ಲಿ ಏನು ಕೇಳಬೇಕಿತ್ತೋ ಅದನ್ನೇ ಈಗ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯ ಪ್ರಶ್ನೆ: ಯಂತ್ರಕ್ಕೆ ನಿಜವಾಗಿಯೂ ಜೀವವಿಲ್ಲವೋ, ಅಥವಾ ಪರದೆ ಮಾತ್ರ ಕಾಣಿಸುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆ. ಬಟನ್ ಒತ್ತಿ ಕಿವಿಗೊಟ್ಟು ಕೇಳಿ. ಫ್ಯಾನ್ ತಿರುಗುವ ಸದ್ದಿದೆಯೇ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತದೆಯೇ? ರೂಮಿನ ಲೈಟ್ ಆರಿಸಿ, ಟಾರ್ಚನ್ನು ಪರದೆಯ ಮೇಲೆ ಓರೆಯಾಗಿ ಬಿಟ್ಟು ನೋಡಿ. ಮಸುಕಾಗಿ ಅಕ್ಷರ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಬೆಳಕು. ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ, ಅಲ್ಲಿ ಚಿತ್ರ ಬಂದರೆ ನಿಮ್ಮ ಕಡತಗಳೆಲ್ಲ ಕೈಗೆ ಸಿಕ್ಕಂತೆಯೇ. ಬಟನ್ ಒತ್ತಿದಾಗ ಒಂದು ದೀಪ ಮೂರು ಸಲ, ಐದು ಸಲ ಹೀಗೆ ಲೆಕ್ಕವಾಗಿ ಮಿನುಗಿದರೆ, ಅಥವಾ ಬೀಪ್ ಸದ್ದು ಬಂದರೆ, ಅದನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಯಾವ ಭಾಗ ಕೆಟ್ಟಿದೆ ಎಂದು ಯಂತ್ರವೇ ಹೇಳುವ ರೀತಿ ಅದು. ಅದರ ಅರ್ಥ ಆಯಾ ಮಾಡೆಲ್ಲಿನ ಕೈಪಿಡಿಯಲ್ಲಿರುತ್ತದೆ.

ಇದಾವುದೂ ಇಲ್ಲ, ಪೂರ್ತಿ ಮೌನ ಅಂದರೆ ಮಾತ್ರ ಮುಂದಿನ ಕೆಲಸ. ಇಲ್ಲಿ ಒಂದೇ ನಿಯಮ. ಗೋಡೆಯಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಯಂತ್ರದ ಕಡೆಗೆ ಬನ್ನಿ. ನಾವು ಸಾಮಾನ್ಯವಾಗಿ ಮಾಡುವುದು ತಿರುಗಾಮುರುಗಾ. ಮೊದಲೇ ಮದರ್‌ಬೋರ್ಡಿಗೆ ಹಾರುತ್ತೇವೆ.

ಗೋಡೆ. ಆ ಸಾಕೆಟ್ಟಿಗೆ ಫೋನಿನ ಚಾರ್ಜರ್ ಅಥವಾ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಊರಿನಲ್ಲಿ ಪ್ರತಿ ಸಾಕೆಟ್ಟಿಗೂ ಸ್ವಿಚ್ ಇರುತ್ತದೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿಂದ ಹೋದವರು ಅಲ್ಲಿ ಸ್ವಿಚ್ ಹಾಕುವುದನ್ನೇ ಮರೆಯುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡು, ಸ್ಪೈಕ್ ಗಾರ್ಡು, ಪಿನ್ ಬದಲಿಸುವ ಕನ್ವರ್ಟರು, ಇವನ್ನೆಲ್ಲ ಪಕ್ಕಕ್ಕಿಟ್ಟು ನೇರ ಗೋಡೆಗೆ ಹಾಕಿ. ಕನ್ವರ್ಟರಿನೊಳಗೆ ಪಿನ್ನು ಸಡಿಲವಾಗಿ ಕೂತು, ಒಂದು ಕಡೆ ವಾಲಿದರೆ ಸಂಪರ್ಕ ತಪ್ಪುವುದು ಪರದೇಶದಿಂದ ಹೋದ ಲ್ಯಾಪ್‌ಟಾಪುಗಳ ಖಾಯಂ ಕಾಯಿಲೆ. ಬ್ರಿಟನ್, ಯುಎಇ, ಕತಾರ್, ಸಿಂಗಪುರಗಳಲ್ಲಿರುವವರಿಗೆ ಇನ್ನೊಂದು ಮಾತು. ನಮ್ಮ ಚೌಕ ಪಿನ್ನಿನ ಪ್ಲಗ್ಗಿನೊಳಗೇ ಒಂದು ಪುಟ್ಟ ಫ್ಯೂಸ್ ಇದೆ. ಅದು ಸುಟ್ಟರೆ ಚಾರ್ಜರ್ ಪೂರ್ತಿ ಸತ್ತಂತೆಯೇ ಕಾಣುತ್ತದೆ. ಅದೇ ಆಂಪಿಯರಿನ ಇನ್ನೊಂದು ಫ್ಯೂಸ್ ಹಾಕಿದರೆ ಮುಗಿಯಿತು. 3 ಆಂಪಿಯರಿನದು ಇದ್ದ ಕಡೆ, ಸಿಕ್ಕಿತಲ್ಲ ಎಂದು 13ರದನ್ನು ಹಾಕಬೇಡಿ.

ವೈರು. ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಹೆಚ್ಚಾಗಿ ಎರಡು ವೈರುಗಳಿರುತ್ತವೆ. ಗೋಡೆಯಿಂದ ಇಟ್ಟಿಗೆಯಂಥ ಆ ಕಪ್ಪು ಡಬ್ಬಿಯವರೆಗೆ ಒಂದು, ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಇನ್ನೊಂದು. ಮೊದಲನೆಯದು ಡಬ್ಬಿಗೆ ಸೇರುವ ಜಾಗದಲ್ಲಿ ಕಾಲು ತಗುಲಿ, ಎಳೆದು, ಅರ್ಧ ಹೊರಬಂದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಪೂರ್ತಿ ತೆಗೆದು ಗಟ್ಟಿಯಾಗಿ ಒತ್ತಿ. ಈ ವೈರನ್ನು ಬದಲಾಯಿಸುವುದೂ ಸುಲಭ, ಬೆಲೆಯೂ ಕಡಿಮೆ. ಮೂರು ತೂತಿನ ಎಲೆಯಾಕಾರದ ತುದಿಯ ವೈರು ಬೇರೆ ಬೇರೆ ಕಂಪನಿಗಳ ಚಾರ್ಜರುಗಳಿಗೂ ಒಂದೇ. ಪಕ್ಕದ ಮನೆಯವರದನ್ನೇ ಐದು ನಿಮಿಷ ಕೇಳಿ ಹಾಕಿ ನೋಡಬಹುದು.

ಈಗ ಕಪ್ಪು ಡಬ್ಬಿ, ಅಂದರೆ ಅಡಾಪ್ಟರ್. ಅದರ ಮೇಲೆ ಚಿಕ್ಕ ಅಕ್ಷರದ ಒಂದು ಚೀಟಿ ಇದೆ. ಇನ್‌ಪುಟ್ ಎಂಬಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಅಮೆರಿಕದ 120 ವೋಲ್ಟಿನಲ್ಲೂ, ನಮ್ಮೂರಿನ 230 ವೋಲ್ಟಿನಲ್ಲೂ ಅದು ನಡೆಯುತ್ತದೆ. ಊರಿಂದ ತಂದ ಮಿಕ್ಸಿಗೆ ಅಮೆರಿಕದಲ್ಲಿ ಬೇಕಾಗುವ ಟ್ರಾನ್ಸ್‌ಫಾರ್ಮರ್ ಲ್ಯಾಪ್‌ಟಾಪಿಗೆ ಬೇಡ, ಪಿನ್ನಿನ ಆಕಾರ ಹೊಂದಿದರೆ ಸಾಕು. ಔಟ್‌ಪುಟ್ ಎಂಬಲ್ಲಿ 19.5 ವೋಲ್ಟ್, 3.34 ಆಂಪಿಯರ್ ಎಂಬಂತೆ ಇರುತ್ತದೆ. ಎರಡನ್ನೂ ಗುಣಿಸಿದರೆ ಸುಮಾರು 65 ವ್ಯಾಟ್. ಬದಲಿ ಅಡಾಪ್ಟರ್ ಹುಡುಕುವಾಗ ವೋಲ್ಟ್ ಅದೇ ಇರಬೇಕು, ಪಿನ್ನು ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಆಂಪಿಯರ್ ಹೆಚ್ಚಿದ್ದರೆ ಹಾನಿಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಡಬ್ಬಿ ವಿಪರೀತ ಬಿಸಿಯಾಗಬಹುದು, ಇಲ್ಲವೇ ಚಾರ್ಜೇ ಆಗದಿರಬಹುದು.

ಅಡಾಪ್ಟರಿನ ಮೇಲೆ ದೀಪವಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿಗೆ ಚುಚ್ಚದೆ ಗೋಡೆಗೆ ಮಾತ್ರ ಹಾಕಿ. ದೀಪ ಹತ್ತಿತೇ? ಈಗ ಲ್ಯಾಪ್‌ಟಾಪಿಗೆ ಚುಚ್ಚಿ. ಚುಚ್ಚಿದ ಕೂಡಲೇ ಆರಿಹೋಯಿತೇ? ಹಾಗಾದರೆ ಲ್ಯಾಪ್‌ಟಾಪಿನ ಒಳಗೆ ಎಲ್ಲೋ ಶಾರ್ಟ್ ಆಗಿರಬಹುದು, ಅಥವಾ ಅಡಾಪ್ಟರಿಗೇ ಭಾರ ಹೊರುವ ಶಕ್ತಿ ಹೋಗಿರಬಹುದು. ಮಲ್ಟಿಮೀಟರ್ ಹಿಡಿಯಲು ಬರುವವರಿಗೂ ಈ ಎಚ್ಚರಿಕೆ ಬೇಕು. ಖಾಲಿ ಇದ್ದಾಗ ಸರಿಯಾದ ವೋಲ್ಟ್ ತೋರಿಸುವ ಅಡಾಪ್ಟರ್, ಲ್ಯಾಪ್‌ಟಾಪ್ ಸೇರಿಸಿದ ಕೂಡಲೇ ಕುಸಿಯುವುದುಂಟು. ಅದಕ್ಕೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಎಂದರೆ, ಕೆಲಸ ಮಾಡುತ್ತದೆ ಎಂದು ಗೊತ್ತಿರುವ ಇನ್ನೊಂದು ಅಡಾಪ್ಟರನ್ನು ಹಾಕಿ ನೋಡುವುದು. ನಾನು ಅವತ್ತು ಹೇಳದೆ ಹೋದದ್ದು ಇದೊಂದೇ ಮಾತು.

ಟೈಪ್-ಸಿ ಲ್ಯಾಪ್‌ಟಾಪುಗಳದು ಬೇರೆ ಕಥೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ, 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪುಗಳಿಗೆ ಟೈಪ್-ಸಿ ಕಡ್ಡಾಯ. ಹೀಗಾಗಿ ಎಲ್ಲ ಕಡೆಯೂ ಇದೇ ಬರುತ್ತಿದೆ. ಪಿನ್ನು ಕೂತಿತು ಎಂದರೆ ಚಾರ್ಜ್ ಆಗಲೇಬೇಕು ಎಂದು ಇಲ್ಲಿ ತಿಳಿಯಬಾರದು. ಫೋನಿನ 20 ವ್ಯಾಟ್ ಚಾರ್ಜರ್ 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ ಸಾಲದು. ಕೇಬಲ್ಲುಗಳಲ್ಲೂ ಭೇದವಿದೆ. ಸಾಧಾರಣ ಕೇಬಲ್ 60 ವ್ಯಾಟಿನವರೆಗೆ ಸಾಗಿಸುತ್ತದೆ, ಅದಕ್ಕಿಂತ ಹೆಚ್ಚಿಗೆ 5 ಆಂಪಿಯರಿನ ಕೇಬಲ್ಲೇ ಬೇಕು. ಲ್ಯಾಪ್‌ಟಾಪಿನಲ್ಲಿ ಎರಡು ಟೈಪ್-ಸಿ ತೂತುಗಳಿದ್ದರೂ ಒಂದರಲ್ಲಿ ಮಾತ್ರ ಚಾರ್ಜ್ ಆಗುವ ಮಾಡೆಲ್ಲುಗಳಿವೆ. ಇನ್ನೊಂದರಲ್ಲೂ ಹಾಕಿ ನೋಡಿ. ತೂತಿನೊಳಗೆ ಧೂಳು, ಬಟ್ಟೆಯ ನೂಲು ಗಟ್ಟಿಯಾಗಿ ಕೂತಿದ್ದರೆ ಪ್ಲಗ್ ಪೂರ್ತಿ ಒಳಹೋಗುವುದಿಲ್ಲ. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ತೆಗೆಯಿರಿ. ಸೇಫ್ಟಿ ಪಿನ್ನು, ಸೂಜಿ ಬೇಡವೇ ಬೇಡ.

ಗೋಡೆ, ವೈರು, ಅಡಾಪ್ಟರ್, ಎಲ್ಲ ಸರಿಯಿದೆ. ಆದರೂ ಯಂತ್ರ ಏಳುವುದಿಲ್ಲ. ಈಗ ಮಾಡಬೇಕಾದದ್ದು ಅರ್ಧ ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ. ಚಾರ್ಜರ್ ತೆಗೆಯಿರಿ. ಮೌಸು, ಪೆನ್‌ಡ್ರೈವು, ಪ್ರಿಂಟರಿನ ವೈರು ಎಲ್ಲವನ್ನೂ ತೆಗೆಯಿರಿ. ಹಳೆಯ ಮಾಡೆಲ್ಲಾಗಿದ್ದು ಬ್ಯಾಟರಿ ಹೊರಗಿನಿಂದಲೇ ಬಿಚ್ಚುವಂತಿದ್ದರೆ ಅದನ್ನೂ ಬಿಚ್ಚಿ. ಆಮೇಲೆ ಪವರ್ ಬಟನ್ನನ್ನು ಒತ್ತಿ ಹಿಡಿದು 30 ಎಣಿಸಿ. ಬಿಡಿ. ಈಗ ಚಾರ್ಜರ್ ಮಾತ್ರ ಹಾಕಿ, ಮಾಮೂಲಿನಂತೆ ಬಟನ್ ಒತ್ತಿ. ಆಪಲ್ ಕಂಪನಿಯ ಈಚಿನ ಮ್ಯಾಕ್‌ಬುಕ್ಕುಗಳಿಗೆ 10 ಸೆಕೆಂಡು ಹಿಡಿದು ಬಿಟ್ಟು ಮತ್ತೆ ಒತ್ತಿದರೆ ಸಾಕು.

ಇದೇನು ಮಂತ್ರವೇ ಎಂದು ಕೇಳಬಹುದು. ಮಂತ್ರವಲ್ಲ. ಲ್ಯಾಪ್‌ಟಾಪಿನೊಳಗೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಇದೆ. ನೀವು ಯಂತ್ರ ಆಫ್ ಮಾಡಿದರೂ ಅದು ಎಚ್ಚರವಾಗಿಯೇ ಇರುತ್ತದೆ. ಬಟನ್ ಒತ್ತಿದ್ದನ್ನು ಗಮನಿಸುವುದು, ಬ್ಯಾಟರಿಗೆ ಚಾರ್ಜ್ ಬಿಡುವುದು, ಫ್ಯಾನ್ ತಿರುಗಿಸುವುದು ಎಲ್ಲ ಅದರ ಪಾಲಿನ ಕೆಲಸ. ಕರೆಂಟು ಹೋಗಿ ಬಂದಾಗಲೋ, ಅರ್ಧ ನಿದ್ರೆಯ ಸ್ಥಿತಿಯಲ್ಲೋ ಅದು ಕೆಲವೊಮ್ಮೆ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ಉಳಿದ ವಿದ್ಯುತ್ತನ್ನೂ ಖಾಲಿ ಮಾಡಿದಾಗ ಅದು ಮೊದಲಿನಿಂದ ಶುರುವಾಗುತ್ತದೆ. ಪೂರ್ತಿ ಸತ್ತಂತೆ ಕಂಡ ಎಷ್ಟೋ ಲ್ಯಾಪ್‌ಟಾಪುಗಳು ಎದ್ದು ಕೂರುವುದು ಇಲ್ಲೇ.

ಇನ್ನು ಬ್ಯಾಟರಿ. ತಿಂಗಳುಗಟ್ಟಲೆ ಮುಟ್ಟದೆ ಬೀರುವಿನಲ್ಲಿಟ್ಟ ಲ್ಯಾಪ್‌ಟಾಪಿನ ಬ್ಯಾಟರಿ ತೀರಾ ಕೆಳಕ್ಕಿಳಿದಿರುತ್ತದೆ. ಚಾರ್ಜರ್ ಹಾಕಿದ ಕೂಡಲೇ ಏಳಲಿಲ್ಲ ಎಂದು ಕೈಬಿಡಬೇಡಿ. ಎಚ್ಚರವಿರುವ ಹೊತ್ತಿನಲ್ಲಿ, ಕಣ್ಣೆದುರಿಗಿಟ್ಟುಕೊಂಡು ಒಂದೆರಡು ಗಂಟೆ ಬಿಡಿ. ಯಂತ್ರ ನಡೆಯುತ್ತಿದೆ, ಆದರೆ ಚಾರ್ಜ್ 60ರಲ್ಲೋ 80ರಲ್ಲೋ ನಿಂತಿದೆ ಎಂದರೆ ಅದು ಕಾಯಿಲೆಯಲ್ಲದೆಯೂ ಇರಬಹುದು. ಬ್ಯಾಟರಿಯ ಆಯಸ್ಸು ಹೆಚ್ಚಲಿ ಎಂದು ಅಷ್ಟಕ್ಕೇ ನಿಲ್ಲಿಸುವ ಸೆಟ್ಟಿಂಗ್ ಹಲವು ಕಂಪನಿಗಳವರು ಕೊಟ್ಟಿರುತ್ತಾರೆ. ಹವೆಯದೂ ಪಾತ್ರವಿದೆ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ತುಂಬಾ ಕಾದಾಗಲೂ ಮಾಡಬಾರದು. ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತಾನೇ ಚಾರ್ಜನ್ನು ತಡೆಯುತ್ತದೆ. ಕೆನಡಾದ ಚಳಿಯಲ್ಲಿ ಕಾರಿನ ಡಿಕ್ಕಿಯಲ್ಲಿ ರಾತ್ರಿ ಕಳೆದ ಲ್ಯಾಪ್‌ಟಾಪನ್ನು ಒಳಗೆ ತಂದು, ಮನೆಯ ಬೆಚ್ಚಗೆ ಹೊಂದಿಕೊಂಡು ಮೈಮೇಲಿನ ತೇವ ಆರುವವರೆಗೆ ಆನ್ ಮಾಡದೆ ಇಡಿ. ದುಬೈಯ ಬೇಸಿಗೆಯಲ್ಲಿ ಕಾರಿನೊಳಗೆ ಬೆಂದದ್ದನ್ನು ತಣ್ಣಗಾಗಲು ಬಿಡಿ.

ಇಲ್ಲಿ ಒಂದು ಕಡೆ ಮಾತ್ರ ತಕ್ಷಣ ಕೈ ನಿಲ್ಲಿಸಬೇಕು. ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ, ಮೇಜಿನ ಮೇಲಿಟ್ಟರೆ ತಳ ಅಲ್ಲಾಡುತ್ತದೆ ಎಂದರೆ ಒಳಗಿನ ಬ್ಯಾಟರಿ ಉಬ್ಬಿದೆ ಎಂದರ್ಥ. ಚಾರ್ಜರ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಅಪಾಯ ನಿಜವಾದದ್ದು. ಅದನ್ನು ಕಸದ ಬುಟ್ಟಿಗೂ ಹಾಕಬಾರದು, ಬ್ಯಾಟರಿ ಸಂಗ್ರಹಿಸುವ ಕೇಂದ್ರಕ್ಕೇ ಕೊಡಬೇಕು. ನಮ್ಮವರಲ್ಲಿ ಒಂದು ರೂಢಿ ಇದೆ. "ಇಲ್ಲಿ ರಿಪೇರಿ ದುಬಾರಿ, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತೋರಿಸೋಣ" ಅನ್ನುವುದು. ಅದು ಒಳ್ಳೆಯ ಯೋಚನೆಯೇ. ಆದರೆ ಉಬ್ಬಿದ, ಹಾಳಾದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಸೂಟ್‌ಕೇಸಿನಲ್ಲೂ ಇಲ್ಲ. ಅದನ್ನು ಇಲ್ಲೇ ತೆಗೆಸಿ ಹೊರಡಿ.

ಕಾಫಿ, ನೀರು ಚೆಲ್ಲಿದ್ದರೂ ಹಾಗೆಯೇ. ಆನ್ ಆಗುತ್ತದೆಯೋ ನೋಡೋಣ ಎಂದು ಬಟನ್ ಒತ್ತುವುದೇ ದೊಡ್ಡ ತಪ್ಪು. ಚಾರ್ಜರ್ ಕಿತ್ತು, ಆಫ್ ಮಾಡಿ, ಕೀಬೋರ್ಡ್ ಕೆಳಮುಖವಾಗಿರುವಂತೆ ಮಗುಚಿಟ್ಟು, ರಿಪೇರಿಯವರ ಹತ್ತಿರ ಒಯ್ಯಿರಿ. ಅಕ್ಕಿಯ ಡಬ್ಬದಲ್ಲಿ ಹೂತಿಡುವುದರಿಂದ ಒಳಗೆ ಅಂಟಿದ ಸಕ್ಕರೆ, ಹಾಲು ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಏಳಲಿಲ್ಲ ಎಂದರೆ ಅಂಗಡಿಗೆ ಹೋಗಲೇಬೇಕು. ಹೋಗುವಾಗ ಮೂರು ಮಾತು ನೆನಪಿಡಿ. ಒಂದು, ಅಡಾಪ್ಟರನ್ನೂ ಒಯ್ಯಿರಿ, ನಿಮ್ಮ ಅಂಗಡಿಯ ಅಡಾಪ್ಟರ್ ಹಾಕಿ ನೋಡಿದಿರಾ ಎಂದು ಕೇಳಿ. ಎರಡು, ಮದರ್‌ಬೋರ್ಡ್ ಅಂದ ತಕ್ಷಣ ಒಪ್ಪದೆ, ಚಾರ್ಜಿಂಗ್ ಜ್ಯಾಕ್ ಪರೀಕ್ಷಿಸಿದಿರಾ ಎಂದು ಕೇಳಿ. ಪಿನ್ನು ಚುಚ್ಚುವ ಆ ಜ್ಯಾಕ್ ಎಷ್ಟೋ ಮಾಡೆಲ್ಲುಗಳಲ್ಲಿ ಬೇರೆಯದೇ ಭಾಗ, ಅದೊಂದನ್ನೇ ಬದಲಿಸಬಹುದು. ಮೂರು, ನನ್ನನ್ನು ಕೇಳದೆ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ ಎಂದು ಚೀಟಿಯಲ್ಲಿ ಬರೆಸಿ.

ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಲ್ಯಾಪ್‌ಟಾಪ್ ಬೇರೆ, ಅದರಲ್ಲಿರುವುದು ಬೇರೆ. ಫೋಟೋ, ಪತ್ರ, ಬರಹ ಇರುವುದು ಒಳಗಿನ ಡಿಸ್ಕಿನಲ್ಲಿ. ಮದರ್‌ಬೋರ್ಡ್ ಪೂರ್ತಿ ಸುಟ್ಟರೂ ಡಿಸ್ಕ್ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಅದನ್ನು ಬಿಚ್ಚಿ, ಯುಎಸ್‌ಬಿ ಕೇಸ್ ಎಂಬ ಚಿಕ್ಕ ಡಬ್ಬಿಯಲ್ಲಿ ಕೂರಿಸಿ, ಬೇರೆ ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಹಾಕಿ ಓದಬಹುದು. ಎರಡು ತೊಡಕುಗಳಿವೆ. ಈಚಿನ ಮ್ಯಾಕ್‌ಬುಕ್ಕುಗಳೂ ಸೇರಿದಂತೆ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ಬಿಚ್ಚಲು ಬರುವುದಿಲ್ಲ. ಇನ್ನೊಂದು, ಈಚಿನ ಹಲವು ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ನಮಗೆ ತಿಳಿಯದೆಯೇ ಬಿದ್ದಿರುತ್ತದೆ. ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಹುಡುಕಿ ಒಂದು ಹಾಳೆಯಲ್ಲಿ ಬರೆದು, ಪಾಸ್‌ಪೋರ್ಟ್ ಇಡುವ ಕಡೆ ಇಡಿ. ಹಳೆಯ ಯಂತ್ರವನ್ನು ಎಕ್ಸ್‌ಚೇಂಜಿಗೆ ಕೊಡುವ ಮುನ್ನ ಡಿಸ್ಕಿನಲ್ಲಿ ಏನಿದೆ ಎಂದು ಒಮ್ಮೆ ಕೇಳಿಕೊಳ್ಳಿ, ಅದು ನಿಮ್ಮದಾದರೂ, ನಿಮ್ಮ ತಂದೆತಾಯಿಯರದಾದರೂ.

ಕೊನೆಯದಾಗಿ, ದೂರದಲ್ಲಿ ಕೂತು ಫೋನಿನಲ್ಲೇ ರಿಪೇರಿ ಮಾಡಬೇಕಾದ ನಮ್ಮಂಥವರಿಗೆ ಅನುಭವದಿಂದ ಕಲಿತ ಒಂದು ಮಾತು. "ಚಾರ್ಜರ್ ಹಾಕಿದ್ದೀರಾ?" ಎಂದು ಕೇಳಬೇಡಿ. ಉತ್ತರ ಯಾವಾಗಲೂ "ಹೂಂ" ಎಂದೇ. "ತೆಗೆದು ಮತ್ತೆ ಹಾಕಿ, ದೀಪ ಬಂತಾ?" ಎಂದು ಕೇಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ವಿಡಿಯೋ ಕರೆ ಮಾಡಿ, ಹಿಂಬದಿಯ ಕ್ಯಾಮೆರಾ ಹಾಕಿಸಿ, ಗೋಡೆಯಿಂದ ವೈರಿನ ಉದ್ದಕ್ಕೂ ಫೋನನ್ನು ತರಲು ಹೇಳಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಪ್ಲಗ್ಗನ್ನೇ ಕೀಳಲು ಹೇಳಿ, ಸ್ವಿಚ್ ಆರಿಸಿದರೆ ಸಾಲದು.

ಮೊನ್ನೆ ಮತ್ತೆ ಹಾಸನದಿಂದ ಫೋನ್ ಬಂತು. ಹೊಸ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ. ನಾನು ಕೆಲಸ ಬದಿಗಿಟ್ಟು ಕೂತೆ. ಫೋನಿನ ಚಾರ್ಜರನ್ನು ಅದೇ ಸಾಕೆಟ್ಟಿಗೆ ಹಾಕಿಸಿದೆ, ಅದೂ ಆಗಲಿಲ್ಲ. ಸಾಕೆಟ್ಟಿನೊಳಗಿನ ವೈರು ಸಡಿಲವಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಬಿಗಿ ಮಾಡಿ ಹೋದ. ಎಲ್ಲ ಸೇರಿ ಇಪ್ಪತ್ತು ನಿಮಿಷದ ಮಾತು. "ಇಷ್ಟೇನಾ?" ಅಂದರು ಅಪ್ಪ. "ಇಷ್ಟೇ ಅಪ್ಪ" ಅಂದೆ. ಹಿಂದಿನದರ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ವಾರಾಂತ್ಯದಲ್ಲಿ ಊರಿಗೆ ಫೋನ್ ಮಾಡುವವರು ಅಡಾಪ್ಟರಿನ ಚೀಟಿಯ ಒಂದು ಫೋಟೋ ತರಿಸಿಕೊಳ್ಳಿ. "ಲ್ಯಾಪ್‌ಟಾಪಿನಲ್ಲಿ ಏನೇನು ಬರೆದಿಟ್ಟಿದ್ದೀರಿ?" ಎಂದು ಕೇಳಿ, ಅದನ್ನು ಪೆನ್‌ಡ್ರೈವಿಗೆ ಒಂದು ಪ್ರತಿ ಮಾಡಿಸಿ, ನಿಮಗೂ ಒಂದು ಈಮೇಲ್ ಕಳಿಸಲು ಹೇಳಿ. ಯಂತ್ರ ಇವತ್ತಲ್ಲ ನಾಳೆ ಕೆಡುತ್ತದೆ. ಬರಹ ಅದರ ಜೊತೆ ಹೋಗಬೇಕಾಗಿಲ್ಲ.